ಯಾವ ಬೋಟಿಗೆ ಹಾಕಲಿ ಅಂತ ಕೇಳುವ ಅಂಗಡಿ

ಹೋದ ತಿಂಗಳು ಒಂದೇ ವಾರದಲ್ಲಿ ಎರಡು ಸಾಮಾನು ಆರ್ಡರ್ ಮಾಡಿದೆ. ಒಂದು ನಮ್ಮ ಮನೆಗೆ, ಇನ್ನೊಂದು ಅಮ್ಮನಿಗೆ.

ನಮ್ಮ ಮನೆ ಅಂದರೆ ಈಗ ಮಾಲ್ದೀವ್ಸ್. ಪೇಪರಿನಲ್ಲಿ ಫೋಟೋ ಬರುತ್ತದಲ್ಲ, ಆ ರೆಸಾರ್ಟ್ ಕಡೆ ಅಲ್ಲ. ಉತ್ತರದ ಹಾ ದಾಲು ಅಟೋಲ್‌ನ ಒಂದು ಪುಟ್ಟ ದ್ವೀಪ. ಅಟೋಲ್ ಅಂದರೆ ಉಂಗುರದ ಹಾಗೆ ಸೇರಿದ ಹವಳದ ದ್ವೀಪಗಳ ಗುಂಪು. ಈ ತುದಿಯಿಂದ ಆ ತುದಿಗೆ ನಡೆದರೆ ಇಪ್ಪತ್ತು ನಿಮಿಷ. ಇಲ್ಲಿನ ಸ್ಕೂಲಿನಲ್ಲಿ ನಾನು ಅಕೌಂಟ್ಸ್, ಬಿಸಿನೆಸ್ ಸ್ಟಡೀಸ್ ಹೇಳಿಕೊಡುತ್ತೇನೆ. ಹೆಂಡತಿ ಜೊತೆಗಿದ್ದಾಳೆ. ರಾಜಧಾನಿ ಮಾಲೆ ಇಲ್ಲಿಂದ ಇನ್ನೂರೈವತ್ತು ಕಿಲೋಮೀಟರಿಗೂ ಜಾಸ್ತಿ ದೂರ. ಮಧ್ಯೆ ಸಮುದ್ರ ಮತ್ತು ಇಂಥವೇ ದ್ವೀಪಗಳು.

ಅಮ್ಮ ಇರುವುದು ಸಾಗರ ತಾಲ್ಲೂಕಿನ ತುಮರಿ ಹತ್ತಿರದ ಹಳ್ಳಿಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದ ಮೇಲೆ ನಮ್ಮ ಕಡೆಯೂ ಒಂದು ದ್ವೀಪವೇ ಆಗಿತ್ತು. ಅರವತ್ತು ವರ್ಷ ಲಾಂಚ್ ನಂಬಿಕೊಂಡು ಬದುಕಿದ ಊರುಗಳು. ಹೋದ ವರ್ಷ, 2025ರ ಜುಲೈ 14ಕ್ಕೆ, ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಶುರುವಾಯಿತು. ಆ ದಿನ ನಾನಿಲ್ಲಿ ಮೊಬೈಲಿನಲ್ಲಿ ವಿಡಿಯೋ ನೋಡಿ ಅತ್ತಿದ್ದೇನೆ. ಅಪ್ಪ ಇರಬೇಕಿತ್ತು ಅನ್ನಿಸಿತು.

ಈಗ ಆ ಎರಡು ಆರ್ಡರ್ ವಿಷಯಕ್ಕೆ ಬರುತ್ತೇನೆ.

ನಮ್ಮ ಮಿಕ್ಸಿ ಜಾರಿನ ಕಪ್ಲರ್ ಹೋಯಿತು. ಶುಕ್ರವಾರ ಇಲ್ಲಿ ರಜೆ, ಗುರುವಾರ ರಾತ್ರಿ ದೋಸೆಗೆ ಹಿಟ್ಟು ರುಬ್ಬುವಾಗ ಟಕ್ ಅಂತ ಸದ್ದು ಬಂತು, ಕೆಳಗಿನ ರಬ್ಬರಿನ ಹಲ್ಲು ಪೂರಾ ಸವೆದು ಹೋಗಿದೆ. ಅರ್ಧ ರುಬ್ಬಿದ ಉದ್ದು ಹಾಗೇ ಇದೆ. ದ್ವೀಪದ ಎರಡು ಅಂಗಡಿಗಳಲ್ಲೂ ಅದು ಸಿಗುವುದಿಲ್ಲ. ಪಕ್ಕದ ಮನೆಯವರು ಮಾಲೆಯ ಒಂದು ಅಂಗಡಿಯ ವೈಬರ್ (ವಾಟ್ಸಾಪಿನಂಥ ಆಪ್) ನಂಬರ್ ಕೊಟ್ಟರು. ಜಾರನ್ನು ಬೋರಲು ಹಾಕಿ ಒಂದು ಫೋಟೋ, ಮಿಕ್ಸಿ ತಲೆಯದ್ದು ಒಂದು ಫೋಟೋ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು. 'ಇದೆ. 60 ರುಫಿಯಾ.' ಅದರ ಕೆಳಗೆ ಅವರ ಬ್ಯಾಂಕ್ ಖಾತೆ ನಂಬರ್. ನಾನು ಬ್ಯಾಂಕಿನ ಆಪ್‌ನಿಂದ ದುಡ್ಡು ಹಾಕಿ ಸ್ಲಿಪ್ಪಿನ ಸ್ಕ್ರೀನ್‌ಶಾಟ್ ಕಳಿಸಿದೆ. ಆಗ ಅವರು ಕೇಳಿದ್ದು ಒಂದೇ ಪ್ರಶ್ನೆ. 'ಯಾವ ಬೋಟಿಗೆ ಹಾಕಲಿ?'

ಮನೆ ನಂಬರ್ ಕೇಳಲಿಲ್ಲ. ಪಿನ್ ಕೋಡ್ ಕೇಳಲಿಲ್ಲ. ಲೊಕೇಶನ್ ಕಳಿಸಿ ಅನ್ನಲಿಲ್ಲ, ಓಟಿಪಿ ಅನ್ನಲಿಲ್ಲ. ಬೋಟಿನ ಹೆಸರು ಹೇಳಿದೆ, ಮುಗಿಯಿತು.

ಇಲ್ಲಿ ಪ್ರತಿ ದ್ವೀಪಕ್ಕೂ ಒಂದೋ ಎರಡೋ ಸರಕು ಬೋಟ್ ಇರುತ್ತವೆ. ಮಾಲೆಯ ಉತ್ತರದ ಬಂದರಿನಲ್ಲಿ ಅವು ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತಿರುತ್ತವೆ. ಯಾವ ಬೋಟ್ ಯಾವ ದ್ವೀಪದ್ದು ಅನ್ನೋದು ಅಂಗಡಿಯ ಹುಡುಗರಿಗೆಲ್ಲ ಬಾಯಿಪಾಠ. ನಮ್ಮ ದ್ವೀಪದ್ದು ಮಂಗಳವಾರ ಸಂಜೆ ಮಾಲೆ ಬಿಟ್ಟು ರಾತ್ರಿಯಿಡೀ ಓಡಿ ಬುಧವಾರ ಮಧ್ಯಾಹ್ನ ಇಲ್ಲಿಗೆ ಮುಟ್ಟುತ್ತದೆ. ಸಾಮಾನು ಇಳಿಸಿ, ಒಣಮೀನೋ ತೆಂಗಿನಕಾಯಿಯೋ ಏನಿದೆಯೋ ತುಂಬಿಕೊಂಡು ವಾಪಸ್ ಹೋಗುತ್ತದೆ. ಇಲ್ಲಿನವರ ದಿವೇಹಿ ಭಾಷೆಯಲ್ಲೂ ದೋಣಿಗೆ ದೋಣಿ ಅಂತಲೇ ಅನ್ನುತ್ತಾರೆ. ಮೊದಲ ದಿನ ಒಬ್ಬ ಹುಡುಗ 'ದೋಣಿ ಬಂತು' ಅನ್ನುವ ಅರ್ಥದಲ್ಲಿ ಏನೋ ಕೂಗಿದಾಗ ಆ ಒಂದು ಶಬ್ದ ಕಿವಿಗೆ ಬಿದ್ದು ನಾನು ತಿರುಗಿ ನೋಡಿದ್ದೆ, ಯಾರೋ ನಮ್ಮೂರಿನವರು ಇರಬೇಕು ಅಂತ.

ಬುಧವಾರ ಸ್ಕೂಲ್ ಬಿಟ್ಟ ಮೇಲೆ ಬಂದರಿಗೆ ಹೋದೆ. ಬೋಟಿನ ಮೇಲೆ ಅಕ್ಕಿ ಮೂಟೆ, ಮೊಟ್ಟೆಯ ಟ್ರೇ, ಗ್ಯಾಸ್ ಸಿಲಿಂಡರ್, ಒಂದು ವಾಷಿಂಗ್ ಮೆಷೀನು, ಯಾರದೋ ಮನೆಗೆ ಹೊಸ ಕಿಟಕಿ. ಅವುಗಳ ನಡುವೆ ನೂರಾರು ಸಣ್ಣ ಪೊಟ್ಟಣಗಳು, ಎಲ್ಲದರ ಮೇಲೂ ಕಪ್ಪು ಮಾರ್ಕರಿನಲ್ಲಿ ಹೆಸರು. ಬೋಟಿನ ಹುಡುಗ ಒಂದೊಂದೇ ಎತ್ತಿ ಓದುತ್ತಾನೆ, ಕೆಳಗೆ ನಿಂತವರು ಕೈ ಎತ್ತುತ್ತಾರೆ. ಬರದೆ ಇದ್ದವರದ್ದನ್ನು ಪಕ್ಕದ ಮನೆಯವರು ಕೈಗಾಡಿಗೆ ಹಾಕಿಕೊಳ್ಳುತ್ತಾರೆ. ನನ್ನ ಪೊಟ್ಟಣದ ಮೇಲೆ ಇದ್ದದ್ದು ಇಷ್ಟೇ. 'ಅಕೌಂಟ್ಸ್ ಸರ್, ಸ್ಕೂಲ್', ಕೆಳಗೆ ಫೋನ್ ನಂಬರ್. ಬೋಟಿಗೆ ಹತ್ತು ರುಫಿಯಾ ಕೊಟ್ಟೆ. ಒಂದು ರುಫಿಯಾ ಅಂದರೆ ನಮ್ಮ ಐದಾರು ರೂಪಾಯಿ. ಅವತ್ತು ರಾತ್ರಿ ಮತ್ತೆ ಉದ್ದು ನೆನೆಹಾಕಿದೆವು.

ಅದೇ ವಾರ ಅಮ್ಮನಿಗೆ ಮಂಡಿಗೆ ಕಟ್ಟುವ ಬೆಲ್ಟ್ ಆರ್ಡರ್ ಮಾಡಿದ್ದೆ. ನಮ್ಮ ದೇಶದ ಒಂದು ದೊಡ್ಡ ಆನ್‌ಲೈನ್ ಅಂಗಡಿಯಿಂದ. ಅಲ್ಲಿ ಎಲ್ಲವೂ ಇದೆ. ಪಾರ್ಸೆಲ್ ಈಗ ಎಲ್ಲಿದೆ ಅಂತ ಗಂಟೆಗೊಂದು ಸಂದೇಶ ಬರುತ್ತದೆ. ಬೆಂಗಳೂರು ಬಿಟ್ಟಿತು, ಶಿವಮೊಗ್ಗ ಬಂತು, ಸಾಗರ ಬಂತು. ಆಮೇಲೆ 'ಡೆಲಿವರಿಗೆ ಪ್ರಯತ್ನಿಸಿದೆವು, ಗ್ರಾಹಕರು ಸಿಗಲಿಲ್ಲ' ಅಂತ ಬಂತು. ಅಮ್ಮ ಆವತ್ತು ಬೆಳಗಿನಿಂದ ಜಗಲಿಯಲ್ಲೇ ಕೂತಿದ್ದಳು. ಯಾರೂ ಬಂದಿರಲಿಲ್ಲ, ಒಂದು ಫೋನೂ ಬಂದಿರಲಿಲ್ಲ. ಮರುದಿನವೂ ಅದೇ ಸಂದೇಶ. ಮೂರನೇ ದಿನ ಒಬ್ಬ ಹುಡುಗ ಫೋನ್ ಮಾಡಿದ. 'ಅಮ್ಮಾ, ತುಮರಿ ಕಡೆಗೆಲ್ಲ ನಾವು ಬರಲ್ಲ, ಸಾಗರಕ್ಕೆ ಬಂದು ತಗೊಂಡು ಹೋಗಿ.' ನಲವತ್ತು ಕಿಲೋಮೀಟರ್ ಹತ್ತಿರ. ಮಂಡಿ ನೋವಿಗೆ ಬೆಲ್ಟ್ ತರಿಸಿದವಳು ಬಸ್ಸು ಹತ್ತಿ ಇಳಿದು ಅದನ್ನು ತರಲು ಹೋಗಬೇಕು. 'ಎಂತ ಮಾಡೋದು ತಮಾ, ಬೇಡ ಬಿಡು' ಅಂದಳು ಅಮ್ಮ. ಪಾರ್ಸೆಲ್ ವಾಪಸ್ ಹೋಯಿತು.

ಲಾಂಚ್ ಇದ್ದ ಕಾಲದಲ್ಲಿ ಹೀಗಾಗಿದ್ದರೆ ನನಗೆ ಇಷ್ಟು ಬೇಜಾರು ಆಗುತ್ತಿರಲಿಲ್ಲ. ಹೊಳೆ ದಾಟಬೇಕು, ಕೊನೆ ಟ್ರಿಪ್ ತಪ್ಪಿದರೆ ಆ ಹುಡುಗ ಎಲ್ಲಿ ಮಲಗಬೇಕು ಅಂತ ಅಂದುಕೊಳ್ಳುತ್ತಿದ್ದೆ. ಈಗ ಸೇತುವೆ ಇದೆ. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಸಿಗಂದೂರಿಗೆ ದಿನಾ ಎಷ್ಟು ಕಾರು ಹೋಗುತ್ತವೆ! ಅವರ ಕಂಪ್ಯೂಟರಿನಲ್ಲಿ ಮಾತ್ರ ನಮ್ಮೂರು ಇನ್ನೂ ನೀರಿನ ಆಚೆಯೇ ಇದೆ.

ಅವತ್ತಿನಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. ನಿಜವಾದ ಸಮುದ್ರದ ನಡುವೆ ಇರುವ ನನಗೆ ಒಂದು ರಬ್ಬರ್ ತುಂಡು ಬಂದು ಮುಟ್ಟುತ್ತದೆ, ಡಾಂಬರು ರಸ್ತೆ ಪಕ್ಕದಲ್ಲಿ ಇರುವ ಅಮ್ಮನಿಗೆ ಮುಟ್ಟುವುದಿಲ್ಲ. ಯಾಕೆ?

ಆ ವಾರ ಹತ್ತನೇ ಕ್ಲಾಸಿಗೆ ಇ-ಕಾಮರ್ಸ್ ಪಾಠವೇ ಇತ್ತು. ಪುಸ್ತಕದಲ್ಲಿ ವೆಬ್‌ಸೈಟ್, ಶಾಪಿಂಗ್ ಕಾರ್ಟ್, ಕ್ರೆಡಿಟ್ ಕಾರ್ಡ್, ಗೋದಾಮು, ಏಳು ದಿನದೊಳಗೆ ವಾಪಸ್ ಅಂತೆಲ್ಲ ಇದೆ. ಒಬ್ಬ ಹುಡುಗಿ ಕೈ ಎತ್ತಿ ಕೇಳಿದಳು. 'ಸರ್, ಏಳು ದಿನದೊಳಗೆ ಬೋಟ್ ಸಿಗದಿದ್ದರೆ?' ಇಡೀ ಕ್ಲಾಸಿಗೆ ಅದು ಸಹಜ ಪ್ರಶ್ನೆ, ಯಾರೂ ನಗಲಿಲ್ಲ. ಆ ಹುಡುಗಿಯೇ ಒಂದು ವ್ಯಾಪಾರ ಮಾಡುತ್ತಾಳೆ. ತಲೆವಸ್ತ್ರಕ್ಕೆ ಹಾಕುವ ಪಿನ್ನುಗಳು. ಚೀನಾದ ಆನ್‌ಲೈನ್ ಅಂಗಡಿಗಳಿಂದ ಸಾಮಾನು ತರಿಸಿಕೊಡುವ ಏಜೆಂಟರು ಮಾಲೆಯಲ್ಲಿದ್ದಾರೆ. ಅವರ ಮೂಲಕ ನೂರಿನ್ನೂರು ಪಿನ್ ತರಿಸಿ, ಫೋಟೋ ತೆಗೆದು ಅಟೋಲ್‌ನ ವೈಬರ್ ಗುಂಪಿಗೆ ಹಾಕುತ್ತಾಳೆ. ಯಾರಿಗೆ ಬೇಕೋ ಅವರ ದ್ವೀಪಕ್ಕೆ ಹೋಗುವ ಫೆರಿಗೆ ಹಾಕುತ್ತಾಳೆ. ನಮ್ಮ ಈ ಉತ್ತರದ ಅಟೋಲ್‌ಗಳಲ್ಲಿ 2022ರಿಂದ ಸರ್ಕಾರದ ವೇಗದ ಫೆರಿ ಓಡಾಡುತ್ತಿದೆ, ಅದು ಬಂದ ಮೇಲೆ ಇಂಥ ವ್ಯಾಪಾರ ಇನ್ನೂ ಸಲೀಸಾಯಿತು ಅಂತ ಅವಳೇ ಹೇಳಿದಳು. ಹದಿನಾರು ವರ್ಷದ ಹುಡುಗಿ. ಖರೀದಿ, ಬೋಟ್ ಖರ್ಚು, ಒಡೆದು ಹೋದದ್ದು, ಉಳಿದದ್ದು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ನಾನು ಆ ನೋಟ್‌ಬುಕ್ಕನ್ನೇ ಬೋರ್ಡಿನ ಮೇಲೆ ಬರೆಸಿ ಪಾಠ ಮಾಡಿದೆ. ಪುಸ್ತಕದಲ್ಲಿ ಇದ್ದದ್ದಕ್ಕಿಂತ ಅದು ಮಕ್ಕಳಿಗೆ ಚೆನ್ನಾಗಿ ಅರ್ಥವಾಯಿತು.

ಮಾಲ್ದೀವ್ಸ್ ಥರದ ದೇಶಗಳು ಒಟ್ಟು 39 ಇವೆ ಅಂತ ವಿಶ್ವಸಂಸ್ಥೆ ಪಟ್ಟಿ ಮಾಡಿದೆ. ಸಣ್ಣ ದ್ವೀಪ ದೇಶಗಳು. 2024ರ ಮೇ ತಿಂಗಳಲ್ಲಿ ಆಂಟಿಗುವಾದಲ್ಲಿ ಅವುಗಳದ್ದೇ ಒಂದು ದೊಡ್ಡ ಸಮ್ಮೇಳನ ಆಯಿತು. ಒಂದೊಂದರ ಕಷ್ಟ ಒಂದೊಂದು ಥರ. ತುವಾಲುವಿನಲ್ಲಿ ಮೊದಲ ಎಟಿಎಂ ಬಂದದ್ದೇ 2025ರ ಏಪ್ರಿಲ್‌ನಲ್ಲಿ. ಟೊಂಗಾದಲ್ಲಿ 2022ರ ಜನವರಿ 15ಕ್ಕೆ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದು, ಹೊರಗಿನ ಲೋಕಕ್ಕಿದ್ದ ಒಂದೇ ಇಂಟರ್ನೆಟ್ ಕೇಬಲ್ ತುಂಡಾಯಿತು. ಸರಿ ಮಾಡಲು ಐದು ವಾರ ಬೇಕಾಯಿತು. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಪಿನ್ ಮಾರುವ ಹುಡುಗಿಯ ಮುಖ ಸಣ್ಣದಾಯಿತು. ಅವಳಿಗೆ ಅದು ಬೇರೆ ದೇಶದ ಸುದ್ದಿ ಆಗಿರಲಿಲ್ಲ.

ಮಾಲ್ದೀವ್ಸ್ ಈ ಪಟ್ಟಿಯಲ್ಲಿ ಸ್ವಲ್ಪ ಅನುಕೂಲ ಇರುವ ದೇಶ. ಬಡ ದೇಶಗಳ ಪಟ್ಟಿಯಿಂದ 2011ರಲ್ಲೇ ಹೊರಗೆ ಬಂತು. ಆದರೂ ಭೂಪಟ ನೋಡಿದರೆ ಎದೆ ಝಲ್ ಅನ್ನುತ್ತದೆ. ಸುಮಾರು 1,200 ದ್ವೀಪ, ಅದರಲ್ಲಿ ಜನ ಇರುವುದು ಇನ್ನೂರಕ್ಕೂ ಕಡಿಮೆ. ಉತ್ತರದಿಂದ ದಕ್ಷಿಣಕ್ಕೆ ಎಂಟುನೂರು ಕಿಲೋಮೀಟರಿಗೂ ಜಾಸ್ತಿ. 2022ರ ಜನಗಣತಿಯಲ್ಲಿ ಜನಸಂಖ್ಯೆ ಐದು ಲಕ್ಷ ಚಿಲ್ಲರೆ, ಅದೂ ನಮ್ಮಂಥ ಹೊರಗಿನವರನ್ನೂ ಸೇರಿಸಿ. ಐದು ಜನರಲ್ಲಿ ಇಬ್ಬರು ಮಾಲೆ ಊರಲ್ಲೇ ಇದ್ದಾರೆ. ಉಳಿದ ಮೂರು ಜನ ಈ ನೀರಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಚೆಲ್ಲಿಹೋಗಿದ್ದಾರೆ. ಗೋದಾಮು ಕಟ್ಟಿ, ವ್ಯಾನ್ ಓಡಿಸಿ, ಮನೆ ಬಾಗಿಲಿಗೆ ತಲುಪಿಸುವ ಯಾವ ಕಂಪನಿಗೂ ಇಲ್ಲಿ ಲೆಕ್ಕ ಕೂಡುವುದಿಲ್ಲ.

ಹಾಗಾಗಿ ಇಲ್ಲಿನ ಜನ ಕಂಪನಿಗೆ ಕಾಯಲಿಲ್ಲ. ಬೋಟ್ ಮೊದಲೇ ಇತ್ತು. ಬೋಟಿನವರ ಮೇಲೆ ನಂಬಿಕೆ ಮೊದಲೇ ಇತ್ತು. ಎಲ್ಲರ ಕೈಗೂ ಫೋನ್ ಬಂತು, ವೈಬರ್ ಬಂತು. 2023ರಲ್ಲಿ ಇಲ್ಲಿನ ಕೇಂದ್ರ ಬ್ಯಾಂಕ್ ಫವರ ಅಂತ ಒಂದು ವ್ಯವಸ್ಥೆ ತಂದಿತು, ಯಾವ ಬ್ಯಾಂಕಿನಿಂದ ಯಾವ ಬ್ಯಾಂಕಿಗಾದರೂ ಅದೇ ಕ್ಷಣಕ್ಕೆ ದುಡ್ಡು ಹೋಗುತ್ತದೆ. ಇಷ್ಟನ್ನು ಒಂದಕ್ಕೊಂದು ಗಂಟು ಹಾಕಿಕೊಂಡರು, ಅಷ್ಟೇ. ಇದಕ್ಕೆ ಯಾರೂ ಬಂಡವಾಳ ಹೂಡಲಿಲ್ಲ, ಉದ್ಘಾಟನೆ ಮಾಡಲಿಲ್ಲ. ದ್ವೀಪಗಳಲ್ಲಿ ಆನ್‌ಲೈನ್ ವ್ಯಾಪಾರ ಬೆಳೆಸುವುದು ಹೇಗೆ ಅಂತ ಯಾರಾದರೂ ನನ್ನನ್ನು ಕೇಳಿದರೆ, ಮೊದಲು ಬಂದರಿನಲ್ಲಿ ಒಂದು ದಿನ ನಿಂತು ನೋಡಿ ಅನ್ನುತ್ತೇನೆ. ವ್ಯಾಪಾರ ಆಗಲೇ ನಡೆಯುತ್ತಿದೆ. ಆ ಬೋಟ್ ವಾರಕ್ಕೆ ಎರಡು ಸಲ ಬರುವ ಹಾಗೆ ಮಾಡಿ, ಪೊಟ್ಟಣ ನೆನೆಯದ ಹಾಗೆ ಬಂದರಿನಲ್ಲಿ ಒಂದು ಶೆಡ್ ಹಾಕಿ, ಯಾರದ್ದು ಬಂತು ಯಾರದ್ದು ಬಂದಿಲ್ಲ ಅಂತ ಬರೆಯಲು ಒಂದು ಪುಸ್ತಕ ಇಡಿ. ಆಪ್ ಆಮೇಲೆ ಮಾಡಿದರಾಯಿತು.

ವಿಳಾಸದ ವಿಷಯವನ್ನೂ ಹೇಳಲೇಬೇಕು. ಇಲ್ಲಿ ಮನೆಗೆ ನಂಬರಿಗಿಂತ ಹೆಸರೇ ಮುಖ್ಯ. 'ಗೆ' ಅಂದರೆ ಮನೆ. ಫಿನಿಫೆನ್ಮಾಗೆ ಅಂದರೆ ಗುಲಾಬಿ ಮನೆ. ಮಾಲೆಯಂಥ ಊರಿನಲ್ಲೂ ಮನೆಯ ಹೆಸರು, ಅದಕ್ಕೂ ಮೊದಲು ಕೇರಿಯ ಅಕ್ಷರ, ಹೆನ್ವೇರು ಆದರೆ ಎಚ್, ಗಲೊಳು ಆದರೆ ಜಿ. ಎಷ್ಟೋ ಕಾಲದಿಂದ ವಿಳಾಸ ಅಂದರೆ ಅಷ್ಟೇ. ಅದರಲ್ಲೇ ಎಲ್ಲ ಬರುತ್ತದೆ, ಹೋಗುತ್ತದೆ. ನಮ್ಮಲ್ಲಿ 1972ರಿಂದ ಆರು ಅಂಕಿಯ ಪಿನ್ ಕೋಡ್ ಇದೆ. ಈಗ ಫೋನಿನಲ್ಲಿ ಚುಕ್ಕಿ ಇಟ್ಟು ತೋರಿಸುವ ಭೂಪಟವೂ ಇದೆ. ಆದರೆ ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಅಮ್ಮನ ಮನೆ ತೋರಿಸುತ್ತಾರೆ, ಕೇಳುವವರೇ ಇಲ್ಲ. ಆರು ಅಂಕಿ ಹೊಡೆದ ಕೂಡಲೇ ಆ ಕಂಪ್ಯೂಟರ್ 'ಈ ಜಾಗಕ್ಕೆ ಸೇವೆ ಇಲ್ಲ' ಅಂದುಬಿಡುತ್ತದೆ, ಇಲ್ಲ ಅಂದರೆ ದುಡ್ಡು ತೆಗೆದುಕೊಂಡು ಆಮೇಲೆ ಕೈ ಎತ್ತುತ್ತದೆ. ಎರಡನೆಯದಕ್ಕಿಂತ ಮೊದಲನೆಯದೇ ವಾಸಿ.

ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮಲ್ಲಿ ಆನ್‌ಲೈನ್ ವ್ಯಾಪಾರವನ್ನು ಬೆಂಗಳೂರಿನಲ್ಲಿ ಕೂತು ಕಟ್ಟಿದರು. ಹತ್ತು ನಿಮಿಷಕ್ಕೆ ಕೊತ್ತಂಬರಿ ಸೊಪ್ಪು ತಂದುಕೊಡುವ ಮಟ್ಟಕ್ಕೆ ಬೆಳೆಸಿದರು. ಬೆಂಗಳೂರಿನಲ್ಲಿರುವ ನನ್ನ ತಂಗಿ ರಾತ್ರಿ ಹನ್ನೊಂದಕ್ಕೆ ಐಸ್‌ಕ್ರೀಮ್ ತರಿಸುತ್ತಾಳೆ. ಅದು ತಪ್ಪು ಅಂತ ಅಲ್ಲ. ಆದರೆ ಅದೇ ಅಳತೆಗೋಲು ಹಿಡಿದು ಸಾಗರ, ಹೊಸನಗರ, ಜೋಯಿಡಾ ಕಡೆ ನೋಡಿದರೆ ನಾವು ಲೆಕ್ಕಕ್ಕೇ ಬರುವುದಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಎರಡು ಕಿಲೋಮೀಟರ್, ನಡುವೆ ಕಾಡು, ಮಳೆಗಾಲದಲ್ಲಿ ಸಂಕ. ಆ ಹುಡುಗನಿಗೆ ಒಂದು ಪಾರ್ಸೆಲ್‌ಗೆ ಇಷ್ಟು ಅಂತ ಕೊಡುತ್ತಾರೆ, ನಮ್ಮ ಒಂದು ಬೆಲ್ಟಿಗೆ ಅವನು ನಲವತ್ತು ಕಿಲೋಮೀಟರ್ ಬೈಕ್ ಓಡಿಸಿದರೆ ಪೆಟ್ರೋಲ್ ದುಡ್ಡೂ ಹುಟ್ಟುವುದಿಲ್ಲ. ಅವನ ಮೇಲೆ ನನಗೆ ಕೋಪ ಇಲ್ಲ. 'ಗ್ರಾಹಕರು ಸಿಗಲಿಲ್ಲ' ಅಂತ ಸುಳ್ಳು ಒತ್ತುವ ಪರಿಸ್ಥಿತಿಗೆ ಅವನನ್ನು ತಂದವರ ಮೇಲೆ ಕೋಪ. ಅಮ್ಮ ಸಿಗಲಿಲ್ಲವಂತೆ! ಅವಳು ಆ ಊರು ಬಿಟ್ಟು ಎಲ್ಲಿಗೆ ಹೋಗುತ್ತಾಳೆ?

ಇಷ್ಟು ಬರೆದ ಮೇಲೆ ಇಲ್ಲಿನ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ನಮ್ಮ ಮನೆ ಮಾಲೀಕರ ತಾಯಿ ರಿಹಾಕುರು ಮಾಡುತ್ತಾರೆ. ಮೀನು ಬೇಯಿಸಿದ ನೀರನ್ನು ಗಂಟೆಗಟ್ಟಲೆ ಕುದಿಸಿ ಕುದಿಸಿ, ನಮ್ಮ ಜೋನಿಬೆಲ್ಲಕ್ಕಿಂತ ಗಟ್ಟಿಯಾದ ಕಂದು ಬಣ್ಣದ ಪಾಕ ಬರುವವರೆಗೆ ಬಿಡುವುದಿಲ್ಲ. ನಾವು ಅದನ್ನು ತಿನ್ನುವವರಲ್ಲ. ಆದರೆ ಹಿತ್ತಲಿನಲ್ಲಿ ಅವರು ಸೌದೆ ಒಲೆಯ ಮುಂದೆ ಕೂತು ದೊಡ್ಡ ಸಟ್ಟುಗದಲ್ಲಿ ತಳ ಕೆರೆಯುತ್ತಾ ಇರುವುದನ್ನು ನೋಡಿದರೆ ನನಗೆ ಆಲೆಮನೆ ನೆನಪಾಗುತ್ತದೆ. ಬಾಟಲಿಗೆ ತುಂಬಿ, ಮುಚ್ಚಳದ ಸುತ್ತ ಮೂರು ಸುತ್ತು ಟೇಪ್ ಸುತ್ತಿ, ಬೋಟಿನವರಿಗೆ 'ನೆಟ್ಟಗೆ ನಿಲ್ಲಿಸು, ಮಲಗಿಸಬೇಡ' ಅಂತ ಹತ್ತು ಸಲ ಹೇಳಿ ಕಳಿಸುತ್ತಾರೆ. ಮಾಲೆಯಲ್ಲಿ ಅವರ ಗಿರಾಕಿಗಳು ಇದ್ದಾರೆ. ತಿರುವನಂತಪುರಕ್ಕೆ ಔಷಧಿಗೆ ಹೋಗಿ ಅಲ್ಲೇ ಮನೆ ಮಾಡಿಕೊಂಡಿರುವ ಮಾಲ್ದೀವ್ಸ್‌ನವರೂ ಕೇಳುತ್ತಾರೆ. ಅವರಿಗೆ ಮಾರುವುದು ಹೇಗೆ? ಆಸ್ಪತ್ರೆಗೆ ಹೋಗುವವರು ಯಾರಾದರೂ ಸಿಕ್ಕರೆ ಅವರ ಬ್ಯಾಗಿನಲ್ಲಿ ಎರಡು ಬಾಟಲಿ. ದುಡ್ಡು ವಾಪಸ್ ಬರುವುದೂ ಹಾಗೇ, ಯಾರದೋ ಕೈಯಲ್ಲಿ. ಭಾರತದ ಒಬ್ಬ ಗಿರಾಕಿ ಫೋನಿನಿಂದ ದುಡ್ಡು ಹಾಕಿ ಅದು ಈ ಅಜ್ಜಿಯ ಖಾತೆಗೆ ಬರುವ ದಾರಿ ಇನ್ನೂ ಸುಲಭವಾಗಿಲ್ಲ. ನಮ್ಮ ಯುಪಿಐ ಇಲ್ಲಿಗೂ ಬರುತ್ತದೆ ಅಂತ 2024ರಿಂದ ಎರಡೂ ದೇಶದವರು ಮಾತಾಡುತ್ತಿದ್ದಾರೆ, ಒಪ್ಪಂದಗಳೂ ಆಗಿವೆ. ಅಜ್ಜಿಯ ಒಲೆಯ ತನಕ ಅದು ಬರಲಿ ಅಂತ ನನ್ನ ಆಸೆ.

ಡಾಲರ್ ವಿಷಯ ಬೇರೆಯೇ ನೋವು. ಸಂಬಳ ರುಫಿಯಾದಲ್ಲಿ. ಒಂದು ಡಾಲರಿಗೆ 15.42 ರುಫಿಯಾ ಅಂತ ಸರ್ಕಾರದ ದರ, ಆದರೆ ಆ ದರಕ್ಕೆ ಬೇಕಾದಷ್ಟು ಡಾಲರ್ ಬ್ಯಾಂಕಿನಲ್ಲಿ ಸಿಗುವುದಿಲ್ಲ. ಊರಿಗೆ ಕಳಿಸಲು ತಿಂಗಳಿಗೆ ಇಷ್ಟೇ ಅಂತ ಮಿತಿ. ಹೊರದೇಶದ ಸೈಟಿನಲ್ಲಿ ಕಾರ್ಡ್ ಉಜ್ಜಲೂ ಮಿತಿ. ಪಿನ್ ಮಾರುವ ಹುಡುಗಿ ಏಜೆಂಟರ ಕೈಹಿಡಿಯುವುದಕ್ಕೆ ಅದೂ ಒಂದು ಕಾರಣ. ಅವರ ಕಮಿಷನ್ ಅವಳ ನೋಟ್‌ಬುಕ್ಕಿನಲ್ಲಿ ಪ್ರತಿ ಪುಟದಲ್ಲೂ ಕಾಣುತ್ತದೆ.

ಮತ್ತೆ, ಎಲ್ಲವೂ ಮೊದಲು ಮಾಲೆಗೆ ಹೋಗಬೇಕು. ಕೇರಳಕ್ಕೆ ಮಾಲೆಗಿಂತ ನಮ್ಮ ದ್ವೀಪವೇ ಹತ್ತಿರ. ನಾವು ತಿನ್ನುವ ಈರುಳ್ಳಿ ಆಲೂಗಡ್ಡೆ ಬಹುಪಾಲು ಭಾರತದ್ದೇ, ಎರಡು ದೇಶಗಳ ನಡುವಿನ 1981ರ ವ್ಯಾಪಾರ ಒಪ್ಪಂದದ ಕಾರಣ ನಮ್ಮಲ್ಲಿ ರಫ್ತು ನಿಲ್ಲಿಸಿದ ವರ್ಷವೂ ಇವರಿಗೆ ಬಂದಿದೆ. ಆದರೆ ಆ ಈರುಳ್ಳಿ ನಮ್ಮನ್ನು ದಾಟಿ ಮಾಲೆಗೆ ಹೋಗಿ, ಅಲ್ಲಿಂದ ನಮ್ಮ ಬೋಟ್ ಹತ್ತಿ ಉತ್ತರಕ್ಕೆ ವಾಪಸ್ ಬರುತ್ತದೆ. 2020ರ ಸೆಪ್ಟೆಂಬರಿನಲ್ಲಿ ತೂತ್ತುಕುಡಿ, ಕೊಚ್ಚಿಯಿಂದ ನಮ್ಮ ಅಟೋಲ್ ನ ಮುಖ್ಯ ದ್ವೀಪ ಕುಳುದುಫ್ಫುಶಿಗೆ ನೇರ ಸರಕು ಹಡಗು ಶುರು ಮಾಡಿದ್ದರು. ಉತ್ತರದವರಿಗೆ ಬೇಕಾದದ್ದು ಅಂಥದ್ದು. ಒಂದು ಹಡಗು ನಿಯಮಿತವಾಗಿ ಈ ಕಡೆ ನಿಂತರೆ ಹತ್ತು ಆಪ್‌ಗಳಿಗಿಂತ ಜಾಸ್ತಿ ಉಪಯೋಗ.

ಮೋಸವೂ ಇದೆ. ಹಳೇ ಸ್ಲಿಪ್ಪಿನ ತಾರೀಖು ತಿದ್ದಿ ಕಳಿಸುವವರಿದ್ದಾರೆ, ದುಡ್ಡು ಇಸಕೊಂಡು ನಂಬರ್ ಬ್ಲಾಕ್ ಮಾಡುವವರೂ ಇದ್ದಾರೆ. ಹೆಂಡತಿ ಒಂದು ಸಲ 350 ರುಫಿಯಾ ಕಳಿಸಿ ಕುಕ್ಕರಿಗೆ ಕಾದಳು, ಕುಕ್ಕರ್ ಬರಲೇ ಇಲ್ಲ. ಯಾರಿಗೆ ದೂರು ಕೊಡುವುದು? ಗುರುತು ಪರಿಚಯ ಇರುವವರೆಗೆ ಈ ವ್ಯವಸ್ಥೆ ಚಿನ್ನ, ಪರಿಚಯ ಇಲ್ಲದ ಕಡೆ ಕೈಗೆ ಏನೂ ಇಲ್ಲ. ನಮ್ಮ ಕಡೆ ಆದರೆ ಕ್ಯಾಶ್ ಆನ್ ಡೆಲಿವರಿ ಇದೆ, ಒಡೆದ ಸಾಮಾನು ವಾಪಸ್ ತೆಗೆದುಕೊಳ್ಳುತ್ತಾರೆ, ಬೆಲೆಯೂ ಇಲ್ಲಿಗಿಂತ ಎಷ್ಟೋ ಕಡಿಮೆ. 60 ರುಫಿಯಾದ ಆ ಕಪ್ಲರ್ ಸಾಗರದಲ್ಲಿ ಎಷ್ಟಕ್ಕೆ ಸಿಗುತ್ತದೆ ಅಂತ ನನಗೂ ಗೊತ್ತು. ಆಷಾಢದ ಗಾಳಿ ಎದ್ದಾಗ ಬೋಟ್ ಬರದೆ ವಾರವಿಡೀ ಟೊಮೆಟೊ ಕಾಣದೆ ಕೂತದ್ದೂ ಇದೆ. ಇದನ್ನೆಲ್ಲ ಒಪ್ಪಿಕೊಳ್ಳುತ್ತೇನೆ.

ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು, ಅದು ತಂಗಿ ನೆನಪಿಸಿದ್ದು. ಅಮ್ಮನ ಬೆಲ್ಟಿನ ಕಥೆ ಹೇಳಿ ನಾನು ಫೋನಿನಲ್ಲಿ ಕೂಗಾಡುತ್ತಿದ್ದೆ. ಅವಳು ಕೇಳಿದಳು. 'ಅಣ್ಣಾ, ಅಪ್ಪ ಫುಟ್‌ವಾಲ್ವ್ ಹೇಗೆ ತರಿಸುತ್ತಿದ್ದ ನೆನಪಿದೆಯಾ?'

ನೆನಪಿಲ್ಲದೆ ಏನು. ತೋಟದ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಕೈಕೊಟ್ಟರೆ ಅಪ್ಪ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಒಂದು ಚೀಟಿ ಕೊಡುತ್ತಿದ್ದ. ಅದು ಲಾಂಚ್ ದಾಟಿ ಸಾಗರದ ಅಂಗಡಿಗೆ ಹೋಗುತ್ತಿತ್ತು. ಸಂಜೆ ಅದೇ ಬಸ್ಸು ನಮ್ಮ ದಣಪೆಯ ಹತ್ತಿರ ಹಾರ್ನ್ ಹೊಡೆದು ನಿಲ್ಲುತ್ತಿತ್ತು, ಹಳೇ ಪೇಪರಿನಲ್ಲಿ ಸುತ್ತಿದ ವಾಲ್ವ್ ಕೈಗೆ ಬರುತ್ತಿತ್ತು. ಓಡಿ ಹೋಗಿ ಇಸಕೊಂಡು ಬರುವುದು ನನ್ನ ಕೆಲಸ. ಪೊಟ್ಟಣದ ಮೇಲೆ ಅಪ್ಪನ ಹೆಸರು, ಅಷ್ಟೇ. ದುಡ್ಡು ಅಂಗಡಿಯ ಪುಸ್ತಕದಲ್ಲಿ, ಅಡಿಕೆ ಮಾರಿದ ಮೇಲೆ ಲೆಕ್ಕ ಚುಕ್ತಾ. ಜ್ವರದ ಔಷಧಿ, ಮದುವೆ ಕರೆಯೋಲೆ, ನನ್ನ ಪಿಯುಸಿ ಮಾರ್ಕ್ಸ್‌ಕಾರ್ಡ್ ಎಲ್ಲವೂ ಹಾಗೇ ಬಂದವು. ಅಂದರೆ ಈ ಬೋಟಿನ ವ್ಯವಸ್ಥೆ ನನಗೆ ಹೊಸದಾಗಿ ಕಂಡದ್ದೇ ತಪ್ಪು. ನಾನು ಅದರಲ್ಲೇ ಬೆಳೆದವನು. ಇಲ್ಲಿನವರು ಅದರ ಕೈಗೆ ಫೋನ್ ಕೊಟ್ಟು ಮುಂದುವರಿಸಿದರು. ನಾವು ಕಂಡಕ್ಟರನ್ನು ಪಕ್ಕಕ್ಕೆ ಸರಿಸಿ, ಅವನು ಬರುತ್ತಿದ್ದ ಜಾಗಕ್ಕೆ ತಾನು ಬರುವುದಿಲ್ಲ ಅನ್ನುವವರ ಕೈಗೆ ಕೆಲಸ ಕೊಟ್ಟೆವು.

ಮರುದಿನ ಸಾಗರದ ಒಂದು ಮೆಡಿಕಲ್ ಶಾಪಿನ ನಂಬರ್ ಹುಡುಕಿ ತಂಗಿಯೇ ಫೋನ್ ಮಾಡಿದಳು. ಬೆಲ್ಟಿನ ಫೋಟೋ ವಾಟ್ಸಾಪಿಗೆ ಬಂತು, ಅಮ್ಮನ ಮಂಡಿಯ ಅಳತೆ ಹೋಯಿತು, ಇವಳು ಬೆಂಗಳೂರಿನಿಂದ ಫೋನ್‌ಪೇ ಮಾಡಿದಳು. ಅಂಗಡಿಯವರು ಕೇಳಿದ್ದು, 'ಯಾವ ಬಸ್ಸಿಗೆ ಹಾಕಲಿ?'

ಸಂಜೆ ಅಮ್ಮ ವಿಡಿಯೋ ಕಾಲ್ ಮಾಡಿದಳು. ಬೆಲ್ಟ್ ಕಟ್ಟಿಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ಸೇತುವೆ ಮೇಲೆ ಬಂದದ್ದರಿಂದ ಬಸ್ಸು ಮೊದಲಿಗಿಂತ ಬೇಗ ಬಂತಂತೆ. ಕಂಡಕ್ಟರಿಗೆ ದುಡ್ಡು ಕೊಡಲು ಹೋದರೆ ಬೇಡ ಅಂದನಂತೆ, ಅವನಿಗೆ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು ಕಳಿಸಿದಳಂತೆ.